ಎರಡು ಡಿಸ್ಕಿಗೆ ಹಂಚಿಹೋದ ದನಿ

೫-೧೦-೨೦೦೫, ಬುಧವಾರ

ಗೊಂಬೆಗಳಿಗೆ ಆರತಿ ಆಯಿತು. ಯಜಮಾನರಿಗೆ ಗಂಜಿ ಸೋಸಿ ಕೊಟ್ಟೆ. ಕುಡಿದು ಸ್ಲೇಟಿನ ಮೇಲೆ ‘ಉಪ್ಪು ಕಡಿಮೆ’ ಎಂದು ಬರೆದರು. ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಮಾತೆಲ್ಲ ಸ್ಲೇಟಿನಲ್ಲೇ. ಹೊಳೆನರಸೀಪುರದಲ್ಲಿ ಇವರ ಗಮಕ ಕೇಳದವರು ಯಾರಿದ್ದಾರೆ? ಈಗ ಆ ದನಿ ಇರುವುದು ಕಂಪ್ಯೂಟರಿನಲ್ಲಿ ಮಾತ್ರ. ಆಪರೇಷನ್ನಿಗೆ ಮುಂಚೆ ಸೊಸೆ ಪ್ರಿಯಂವದಾ ಕೂರಿಸಿಕೊಂಡು ಕಾವ್ಯವಾಚನ ರೆಕಾರ್ಡ್ ಮಾಡಿದಳು.

ಕಾವ್ಯವಲ್ಲದ್ದೂ ಒಂದಿದೆ. ಮೈಕ್ ಇನ್ನೂ ಆನ್ ಆಗಿಲ್ಲವೆಂದುಕೊಂಡು ನನ್ನನ್ನು ಹೆಸರು ಹಿಡಿದು ಕರೆದದ್ದು. ನಾಲ್ಕು ಜನರ ಮುಂದೆ ನಾನು ಯಾವತ್ತೂ ‘ಇವಳೇ’. ಹೆಸರು ಯಾರೂ ಇಲ್ಲದಾಗ ಮಾತ್ರ. ಪ್ರಿಯಂವದಾ ಅದಕ್ಕೆ ‘ಟೆಸ್ಟ್’ ಎಂದು ಹೆಸರಿಟ್ಟು ಮರೆತಿದ್ದಾಳೆ. ಅದನ್ನು ಹಾಕುವುದು ಹೇಗೆಂದು ನೋಡಿ ಕಲಿತಿದ್ದೇನೆ. ಎಷ್ಟು ಸಲ ಕೇಳಿದ್ದೇನೆ ಎಂದು ಇಲ್ಲಿ ಬರೆಯುವುದಿಲ್ಲ.

ಇವತ್ತು ಹಾಕಿದೆ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಏನೋ ಟಿಕ್ ಟಿಕ್. ನೆಲ ಒರೆಸುತ್ತಿದ್ದ ಮಾದಮ್ಮ ತಲೆಯೆತ್ತಿದಳು.

“ಅದ್ರೊಳಗೆ ಹಲ್ಲಿ ಸೇರ್ಕಂಡೈತೆ ಕಣ್ರಮ್ಮಾ. ಲೊಚಗುಟ್ತಾ ಐತೆ.”

“ನಿನ್ನ ಕೆಲಸ ನೋಡು” ಎಂದೆ. ಆಫ್ ಮಾಡಿದೆ.

ಹೆದರುವಂಥದ್ದೇನಿಲ್ಲ. ಒಳಗೆ ಎರಡು ಡಿಸ್ಕ್ ಇವೆಯಂತೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಪಕ್ಕದ ಮನೆ ಲಕ್ಷ್ಮಿದೇವಮ್ಮನಿಗೂ ಹಾಗೇ ಹೇಳಿದ್ದೇನೆ.

೭-೧೦-೨೦೦೫, ಶುಕ್ರವಾರ

ಪ್ರಿಯಂವದಾ ಹಾಸನದ ಕಾಲೇಜಿನಿಂದ ಬಂದಳು. ಅಲ್ಲಿ ಕಂಪ್ಯೂಟರ್ ಪಾಠ ಮಾಡುವುದು ಅವಳೇ. ಕಂಪ್ಯೂಟರ್ ಆನ್ ಮಾಡಿ ಸದ್ದು ಕೇಳಿದವಳೇ ಸ್ವಿಚ್ ಆರಿಸಿದಳು.

“ಡಿಸ್ಕ್ ಎರಡಿವೆಯಲ್ಲೇ?” ಎಂದೆ.

“ಎರಡಿರೋದೇ ಕಷ್ಟ ಅತ್ತೆ. ಮದುವೆ ವಿಡಿಯೋ ಎಡಿಟ್ ಮಾಡಕ್ಕೆ ಸ್ಪೀಡ್ ಬೇಕು ಅಂತ ವಂಶಿ ಹಾಗೆ ಜೋಡಿಸ್ಕೊಂಡಿದ್ದ. ರೇಡ್ ಅಂತಾರೆ. ಒಂದು ಚೂರು ಇದರಲ್ಲಿ, ಮುಂದಿನ ಚೂರು ಅದರಲ್ಲಿ.”

“ಅಂದ್ರೆ?”

“ಮಾವನ ಒಂದೊಂದು ಮಾತೂ ಹರಿದು ಎರಡು ಕಡೆ ಹೋಗಿದೆ. ಯಾವ ಡಿಸ್ಕ್ ಹೋದ್ರೂ ಎಲ್ಲಾ ಹೋದ ಹಾಗೇನೇ.”

ವಂಶಿ ಅವಳ ತಮ್ಮ. ಹಾಸನದಲ್ಲಿ ವಿಡಿಯೋ ಅಂಗಡಿ. ಅವನ ಹಳೆಯ ಕಂಪ್ಯೂಟರೇ ನಮ್ಮ ಮನೆಗೆ ಬಂದದ್ದು. ಬೇರೆ ಕಡೆ ಕಾಪಿ ಇಲ್ಲವೇ ಎಂದು ಕೇಳಿದೆ. ಮಾಡಬೇಕು ಮಾಡಬೇಕು ಎಂದುಕೊಳ್ಳುತ್ತಲೇ ಆಸ್ಪತ್ರೆ ಓಡಾಟ ಬಂತು ಎಂದಳು. ಬೈಯಲು ಬಾಯಿ ತೆರೆದೆ. ಬೈಯದೆ ಕಾಫಿಗೆ ನೀರಿಟ್ಟೆ.

ವಂಶಿ ಹೊಸ ಡಿಸ್ಕ್ ತರುತ್ತಾನಂತೆ. ಅಲ್ಲಿಯವರೆಗೆ ಯಾರೂ ಆನ್ ಮಾಡಕೂಡದು.

೮-೧೦-೨೦೦೫, ಶನಿವಾರ

ವಂಶಿಯ ಫೋನ್. ನಾಳೆ ಬರುತ್ತೇನೆ ಎಂದ.

ನಾಳೆ ಮೂಲಾ ನಕ್ಷತ್ರ. ಸರಸ್ವತಿ ಇಡುವ ದಿನ. ಇವರ ಪುಸ್ತಕಗಳು, ಶ್ರುತಿಪೆಟ್ಟಿಗೆ, ಜೊತೆಗೆ ಕಂಪ್ಯೂಟರ್. ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವುದಿಲ್ಲ, ಬರೆಯುವುದಿಲ್ಲ, ಮುಟ್ಟುವುದಿಲ್ಲ. ಬುಧವಾರ ಬಾ ಎಂದೆ.

“ಅತ್ತೆ, ಇದೊಂದ್ಸಲ ಕಂಪ್ಯೂಟರ್ ಬಿಟ್ಬಿಡೋಣ. ಪುಸ್ತಕ ಸಾಕು.”

“ಅವರ ವಿದ್ಯೆ ಪೂರ್ತಿ ಅದರಲ್ಲಿದೆ ಅಂತೀಯ. ಮೊದಲು ಇಡಬೇಕಾದ್ದೇ ಅದನ್ನ.”

“ಒಂದು ಗಂಟೆ ಕೆಲಸ. ದೇವಿ ಕೋಪ ಮಾಡ್ಕೊಳ್ತಾಳಾ?”

“ನಮ್ಮನೇಲಿ ಏನು ನಡೀಬೇಕು ಅಂತ ನೀನು ನಂಗೆ ಹೇಳ್ಕೊಡ್ಬೇಡ.”

ಇವರು ಮಂಚದ ಮೇಲಿಂದ ಎಲ್ಲ ಕೇಳುತ್ತಿದ್ದರು. ಎದ್ದು ಬಂದರು. ಸ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿ, ನಾಳೆಗೆ ಜೋಡಿಸಿಟ್ಟಿದ್ದ ಪುಸ್ತಕಗಳ ಮೇಲಿಟ್ಟರು. “ಇದು ಬೇಡ, ಇಟ್ಟುಕೊಳ್ಳಿ” ಎಂದೆ. ತಿರುಗಿ ನೋಡದೆ ಹೋದರು.

ಈ ದಿನಚರಿ ಪುಸ್ತಕವೂ ನಾಳೆ ಅಲ್ಲಿಗೇ.

೧೨-೧೦-೨೦೦೫, ಬುಧವಾರ. ಬೆಳಿಗ್ಗೆ

ಪುನಃಪೂಜೆ ಮುಗಿಸಿ ಮೊದಲು ಇವರ ಸ್ಲೇಟು, ಆಮೇಲೆ ಈ ಪುಸ್ತಕ ತೆಗೆದೆ.

ಈ ದಿನಗಳಲ್ಲಿ ಮನೆಯಲ್ಲಿ ಪಾತ್ರೆ ಸದ್ದು ಬಿಟ್ಟರೆ ಬೇರೆ ಇಲ್ಲ. ಇವರು ಏನನ್ನೂ ಕೇಳಲಿಲ್ಲ. ಕೊಟ್ಟದ್ದು ಕುಡಿದರು. ನಾನು ಅಕ್ಕಿ ಆರಿಸುತ್ತಾ ಆ ಕರೆಯನ್ನು ನೆನೆಸಿಕೊಂಡೆ. ಕಾವ್ಯ ನೆನಪಿಗೆ ಬರುತ್ತದೆ, ರಾಗ ಬರುತ್ತದೆ. ನನ್ನ ಹೆಸರು ಬರುವುದಿಲ್ಲ. ಅಕ್ಷರ ಸಿಗುತ್ತದೆ, ದನಿ ಸಿಗುವುದಿಲ್ಲ. ಇಷ್ಟು ಬೇಗ?... ಇವರು ಎದುರಿಗೇ ಕೂತಿದ್ದಾರೆ. ಆದರೂ.

ವಂಶಿ ಬಸ್ ಹತ್ತಿದ್ದಾನಂತೆ.

ಅದೇ ದಿನ, ಮಧ್ಯಾಹ್ನ

ಆನ್ ಆಯಿತು. ಟಿಕ್ ಟಿಕ್ ಜೋರಾಗಿದೆ. ವಂಶಿ ಹೊಸ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಲಕ್ಷ್ಮಿದೇವಮ್ಮ ಬನ್ನಿ ಕೊಡಲು ಬಂದವಳು ಹಾಗೇ ಕೂತಳು.

“ಯಾವುದು ಮೊದಲು ಹೇಳಿ ಅಮ್ಮಾ. ಯಾವಾಗ ಕೈ ಕೊಡತ್ತೋ ಗೊತ್ತಿಲ್ಲ.”

“ಕಾವ್ಯ” ಎಂದೆ. ಅಷ್ಟು ಜನರ ಮುಂದೆ ಇನ್ನೇನು ಹೇಳಲಿ?

ಗೋಡೆ ಹಿಡಿದು ನಿಂತೆ. ಕರೆಂಟು ಒಂದು ಸಲ ಹೋಗಿ ಬಂತು. ಯುಪಿಎಸ್ ಕೀಚ್ ಎಂದಿತು. ಲಕ್ಷ್ಮಿದೇವಮ್ಮ “ನರಸಿಂಹಾ” ಎಂದಳು. ಕಾವ್ಯ ಪೂರ್ತಿ ಬಂತು. ಪ್ರಿಯಂವದಾ ಅತ್ತೇಬಿಟ್ಟಳು.

“ಮುಗೀತು” ಎಂದ ವಂಶಿ. “ಉಳಿದಿರೋದು ಟೆಸ್ಟು, ವೇಸ್ಟು. ಆಫ್ ಮಾಡ್ತೀನಿ. ಇನ್ನು ಇದನ್ನ ಆನ್ ಮಾಡೋದು ಬೇಡ.”

ಅವನ ಕೈ ಸ್ವಿಚ್ಚಿನ ಮೇಲೆ.

“ಟೆಸ್ಟೂ ತೆಗಿ.”

“ಅದರಲ್ಲೇನಿದೆ ಅಮ್ಮಾ?”

“ತೆಗಿ ಅಂದೆ.”

ಯಾವುದು ಅದು ಎಂದು ನೋಡಲು ಅವನು ಒತ್ತಿಬಿಟ್ಟ. ಹಜಾರದ ತುಂಬ ಇವರ ದನಿ— “ಗೋದಾ, ಆ ಹುಡುಗಿ ಬರೋದ್ರೊಳಗೆ ಇಲ್ಲಿ ಬಾರೆ ಒಂದು ಗಳಿಗೆ. ಭಯ ಆಗ್ತಿದೆ.”

ಲಕ್ಷ್ಮಿದೇವಮ್ಮ ಸೆರಗು ಬಾಯಿಗಿಟ್ಟಳು. ಇವರು ಮಂಚದ ಮೇಲೆ ಎದ್ದು ಕೂತರು. ನನ್ನನ್ನೇ ನೋಡಿದರು. ನಾಚಿಕೆಯೋ ಏನೋ... ನಾನು ತಲೆ ತಗ್ಗಿಸಲಿಲ್ಲ.

“ಇದನ್ನ ಕಾಪಿ ಮಾಡು” ಎಂದೆ.

ಶುರು ಮಾಡಿದ. ಪರದೆಯ ಮೇಲೆ ಹಸಿರು ಪಟ್ಟಿ ಅರ್ಧಕ್ಕೆ ಬಂತು, ನಿಂತಿತು. ಟಿಕ್. ಟಿಕ್. “ಯಾರೂ ಮೇಜು ಅಲ್ಲಾಡಿಸ್ಬೇಡಿ” ಎಂದ. ನಿಲ್ಲಲಾರದೆ ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗೂ ಕೇಳುತ್ತದೆ ಆ ಸದ್ದು. ಅದು ಕೇಳುವಷ್ಟು ಹೊತ್ತು ಜೀವ ಇದೆ ಎಂದು ಅರ್ಥ ತಾನೇ.

ಈಗ ಕೇಳಿಸುತ್ತಿಲ್ಲ.

ಪ್ರಿಯಂವದಾ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಕಾಪಿ ಮುಗಿದು ನಿಂತಿತೋ, ಮುಗಿಯದೆಯೋ. ಮುಖ ನೋಡಲು ನನಗೆ—