ಕಾಫಿಯ ಕಪ್ಪು ಮರಿಗಳು

ಬಿಕರ್ನಕಟ್ಟೆ, ಮಂಗಳೂರು
೯-೨-೨೦೨೫

ತಮ್ಮ ಶೋಭಿತನಿಗೆ,

ಕತಾರಿನಲ್ಲಿ ಚಳಿ ಹೇಗುಂಟು, ನಿನ್ನ ಸೊಂಟನೋವು ಹೇಗುಂಟು ಎಂದು ಮೊದಲು ಕೇಳುವುದು ಕ್ರಮ. ಕೇಳಿದ್ದೇನೆ. ಉತ್ತರ ಬೇಕಾಗಿಲ್ಲ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ನನ್ನ ತಲೆಗೆ ಕಟ್ಟಿ ಹೋದ ಪೂಡಲ್ ಮಿಕ್ಸ್ ನಾಯಿ ಕಾಫಿ ಚೆನ್ನಾಗಿದ್ದಾಳೆ. ಅವಳ ಮರಿಗಳು ನನ್ನ ಚಪ್ಪಲಿಯನ್ನೆಲ್ಲ ತಿಂದು ಮುಗಿಸಿವೆ. ಮರಿಗಳೆಲ್ಲವೂ ಕಪ್ಪು, ಬೈದರೆ ಬಣ್ಣ ಬದಲಾಗುವುದಿಲ್ಲ. ರಜೆಯಲ್ಲಿ ಬಂದಾಗ ಕಾಫಿಯನ್ನು ನಿನ್ನ ಗುರುತಿನ ಶೆರಿಲ್ ಮನೆಗೆ ಕರೆದುಕೊಂಡು ಹೋಗಿ, ಅವರ ತಿಳಿಗೇಸರಿ, ಅದೇ ಏಪ್ರಿಕಾಟ್ ಬಣ್ಣದ ಗಂಡು ಪೂಡಲ್‌ಗೆ ಜೋಡಿ ಮಾಡಿಸಿದವನು ನೀನು. ತಾಯಿ ಕಂದು, ತಂದೆ ಏಪ್ರಿಕಾಟ್, ಮರಿ ಕಪ್ಪಾಗುವುದು ಹೇಗೆ, ಕೆಲಸದ ಜಯ ಗೇಟು ತೆರೆದಿಟ್ಟು ಬೀದಿನಾಯಿಯನ್ನು ಒಳಗೆ ಬಿಟ್ಟಿದ್ದಾಳೆ ಎಂದು ನೀನು ವಿಡಿಯೋ ಕಾಲಿನಲ್ಲೇ ತೀರ್ಪು ಕೊಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಾಗ ಅವಳ ಮೈ ಒರೆಸಿದ್ದು ಆ ಜಯ, ನೀನಲ್ಲ. ಅಷ್ಟು ಸಾಲದೆ, ಅವಳು ನಮ್ಮ ದೈವದ ಕೋಣೆಯ ಮುಂದೆ ಆಣೆ ಮಾಡಲಿ ಎಂದೆ ನೀನು. ಅವಳು ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟು, "ನಾನು ಗೇಟು ತೆರೆದಿಟ್ಟಿಲ್ಲ. ಆದರೆ ನಾಯಿಮರಿಯ ಬಣ್ಣಕ್ಕೆಲ್ಲ ದೈವವನ್ನು ಕರೆಯುವುದಿಲ್ಲ" ಎಂದಳು. ಆಣೆಗೆ ಒಪ್ಪದವಳು ಕಳ್ಳಿಯೇ ಎಂದು ನೀನೇ ಕೆಲಸ ಬಿಡಿಸಿದೆ. ಈಗ ಕುದ್ರೋಳಿಯಲ್ಲಿ ಅವಳ ಓಣಿಗೆಲ್ಲ ಸುದ್ದಿ ಹಬ್ಬಿದೆ. ಆಣೆ ತಪ್ಪಿಸಿಕೊಂಡವಳನ್ನು ಯಾವ ಮನೆಯವರೂ ಕೆಲಸಕ್ಕೆ ಸೇರಿಸುತ್ತಿಲ್ಲ.

ಈಗ ಕೇಳು ಮಾರಾಯ. ಮರಿಗಳ ಚುಚ್ಚುಮದ್ದಿಗೆ ಹೋದಾಗ ನಾಯಿ ಡಾಕ್ಟರ್ ಮಟಿಲ್ಡಾ ನಿನ್ನ ತೀರ್ಪು ಕೇಳಿ ನಕ್ಕು, ವಿಷಯ ಬಿಡಿಸಿ ಹೇಳಿದರು. ಶೆರಿಲ್ ನಾಯಿಯ ಮೂಗು ಯಾವ ಬಣ್ಣ, ನೋಡಿದ್ದೀಯಾ? ಕಪ್ಪು. ಅವನೊಳಗೆ ಕಪ್ಪು ಉಂಟು, ಕೂದಲಿಗೆ ಬರದಂತೆ ಒಂದು ಜೀನ್ ತಡೆಯುತ್ತದೆ. ಕಾಫಿಯಲ್ಲಿ ಬೇರೆಯೇ ಜೀನ್, ಅದು ಕಪ್ಪನ್ನು ಕಂದು ಮಾಡುತ್ತದೆ. ಒಂದೊಂದು ಜೀನೂ ತಾಯಿ ತಂದೆ ಇಬ್ಬರಿಂದಲೂ ಬಂದು ಜೋಡಿಯಾದರೆ ಮಾತ್ರ ಕೆಲಸ ಮಾಡುವಂಥದ್ದು. ಮರಿಗಳಿಗೆ ಪ್ರತಿಯೊಂದೂ ಸಿಕ್ಕಿದ್ದು ಒಬ್ಬರಿಂದ ಮಾತ್ರ, ಹಾಗಾಗಿ ಅಡಗಿದ್ದ ಕಪ್ಪು ಹೊರಗೆ ಬಂತು. ನಿನ್ನಂಥವನಿಗೆ ಇಷ್ಟು ಸಾಲದು ಎಂದು ಮರಿಗಳ ಮತ್ತು ಆ ಗಂಡುನಾಯಿಯ ಜೊಲ್ಲನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ತಂದೆ ಶೆರಿಲ್ ಮನೆಯ ನಾಯಿಯೇ. ಬೀದಿನಾಯಿ ಬಂದದ್ದು ನಿನ್ನ ತಲೆಯೊಳಗೆ ಮಾತ್ರ.

ನಾನು ಕುದ್ರೋಳಿಗೆ ಹೋಗಿ ಜಯಳನ್ನು ಮತ್ತೆ ಕೆಲಸಕ್ಕೆ ಕರೆದೆ. ಚಹಾ ಕೊಟ್ಟಳು, ಮರಿಗಳನ್ನು ವಿಚಾರಿಸಿದಳು, ಬರುವುದಿಲ್ಲ ಎಂದಳು. "ಕಳ್ಳಿ ಎಂದು ಹೇಳಿದವರು ನೀವಲ್ಲವಲ್ಲ ಅಕ್ಕ, ನೀವು ಕರೆದರೆ ಆಗುತ್ತದಾ" ಎಂದಳು. ನನಗೆ ನಾಚಿಕೆಯಾಯಿತು. ನಿನ್ನ ಅಕ್ಕ ಎಂದು ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಕಾಗದದ ಕೊನೆಗೆ ಆಶೀರ್ವಾದ ಬರೆಯಬೇಕು. ಈ ಸಲ ಕೈ ಬರುತ್ತಿಲ್ಲ.

ಗ್ರೀಷ್ಮಕ್ಕ

ತಾ.ಕ.: ನಮ್ಮ ದೈವದ ನೇಮಕ್ಕೆ ಬರುತ್ತೇನೆ ಎಂದಿದ್ದೀ, ಬಾ. ಗೇಟಿಗೆ ಹೊಸ ಬೀಗ ಹಾಕಿಸಿದ್ದೇನೆ. ಒಂದು ಕೀ ನನ್ನದು, ನಿನ್ನದನ್ನು ಜಯಳ ಕೈಯಲ್ಲಿ ಕೊಟ್ಟು ಬಂದಿದ್ದೇನೆ. ನೀನು ಎಷ್ಟು ಬಡಿದರೂ ನಾನು ಗೇಟು ತೆಗೆಯುವುದಿಲ್ಲ. ಕುದ್ರೋಳಿಗೆ ಹೋಗಿ, ಓಣಿಯವರೆಲ್ಲ ಕೇಳುವ ಹಾಗೆ ತಪ್ಪಾಯಿತು ಎಂದು ಹೇಳಿ, ಅವಳು ಕೊಟ್ಟರೆ ತೆಗೆದುಕೊಂಡು ಬಾ.