ಇಪ್ಪತ್ತೇಳು ಉಸಿರು

ಪುಲ್ಪಳ್ಳಿ
14 ಸೆಪ್ಟೆಂಬರ್ 2025, ಭಾನುವಾರ

ಪೂಜ್ಯ ಮಾತಾಜಿಯವರಿಗೆ, ನಿಮ್ಮ ಅಣ್ಣ ಜಿನದತ್ತರ ಮಗಳು ಪ್ರಿಯಾಂಕ ಮಾಡುವ ವಂದಾಮಿ.

ನಾವೆಲ್ಲ ಇಲ್ಲಿ ಕ್ಷೇಮ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಕ್ಷಮಾವಣಿ ಕಳೆದು ವಾರವಾಯಿತು. ಮನೆಯಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಿ ಮುಗಿಸಿ, ಹೊಸ ಜಗಳಗಳನ್ನು ಶುರು ಮಾಡಿಯೂ ಆಯಿತು. ನಾನು ನಿಮ್ಮ ಹತ್ತಿರ ಕೇಳುವುದು ಮಾತ್ರ ಬಾಕಿ. ಮೂರು ಕಾಗದ ಬರೆದು ಹರಿದುಹಾಕಿದೆ. ಮೊದಲನೆಯದನ್ನು ಅಪ್ಪ ನೋಡಿದರು. ದೀಕ್ಷೆ ತಗೊಂಡವರಿಗೆ ಯಾರಾದರೂ ‘ಅತ್ತೆ’ ಅಂತ ಬರೀತಾರೇನೇ ಅಂತ ಬೈದರು. ಅವರಿಗೇನು, ಹೇಳುವುದು ಸುಲಭ. ಮೊನ್ನೆ ಊಟಕ್ಕೆ ಕೂತಾಗ ಅವರೇ ನಿಮ್ಮ ಹಳೆಯ ಹೆಸರು ಹಿಡಿದು, ನಮ್ಮ ಕಮಲಾ ಇದ್ದಿದ್ದರೆ ಈ ಸಾರಿಗೆ ಏನಾದರೊಂದು ಹೆಸರಿಡುತ್ತಿದ್ದಳು ಅಂದರು.

ಇನ್ನು ತಡಮಾಡುವ ಹಾಗಿಲ್ಲ. ಚಾತುರ್ಮಾಸದ ನಾಲ್ಕು ತಿಂಗಳು ನೀವು ಒಂದೇ ಬಸದಿಯಲ್ಲಿ ಇರುತ್ತೀರಿ, ಹಾಗಾಗಿ ನಿಮಗೊಂದು ವಿಳಾಸ ಅಂತ ಇದೆ. ದೀಪಾವಳಿ ಕಳೆದರೆ ಸಂಘದ ಜೊತೆ ನಡೆಯುತ್ತ ಹೊರಟುಬಿಡುತ್ತೀರಿ. ಫೋನೂ ಇಲ್ಲದವರನ್ನು ಆಮೇಲೆ ಯಾವ ದಾರಿಯಲ್ಲಿ ಅಂತ ಹುಡುಕಲಿ? ನಾನು ಕೇಳಬೇಕಾದ ಕ್ಷಮೆ ನಿಮ್ಮ ದೀಕ್ಷೆಯ ದಿನದ್ದು. ಕಳೆದ ನವೆಂಬರಿನಲ್ಲಿ ಮನೆಮಂದಿಯೆಲ್ಲ ಬಂದರು, ನಾನು ಬರಲಿಲ್ಲ. ಬತ್ತೇರಿಯಲ್ಲಿ ವಾಲಿಬಾಲ್ ಪಂದ್ಯ ಇತ್ತಲ್ಲ, ಅದಕ್ಕೆ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಶಾಲೆಯ ಸುದ್ದಿ.

ನಾನೀಗ ಹತ್ತನೇ ಕ್ಲಾಸು. ಲೆಕ್ಕದ ಟೀಚರಿಗೆ ನಮ್ಮ ಪಿ.ಟಿ. ಪೀರಿಯಡ್ ಮೇಲೇ ಕಣ್ಣು. ವಾರಕ್ಕೆ ಇರುವುದೇ ಎರಡು, ಅದರಲ್ಲೊಂದನ್ನು ಕಿತ್ತುಕೊಳ್ಳಲು ಸೀಮೆಸುಣ್ಣ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮ ಪಿ.ಟಿ. ಅಮ್ಮಿಣಿ ಟೀಚರ್ ಬಿಡಬೇಕಲ್ಲ! ಮಾತಾಡುವುದಿಲ್ಲ, ಸೀಟಿ ಊದುತ್ತಾರೆ, ನಾವು ಓಡುತ್ತೇವೆ.

ಅಮ್ಮಿಣಿ ಟೀಚರ್ ನಿಮಗೆ ನೆನಪಿರಲೇಬೇಕು. ನಾನು ಎಂಟನೇ ಕ್ಲಾಸಿನಲ್ಲಿ ತಂಡಕ್ಕೆ ಸೇರಿದ ಹೊಸದರಲ್ಲಿ, ಹೊತ್ತು ಮುಳುಗುವುದರೊಳಗೆ ನನ್ನ ಊಟ ಆಗಬೇಕು ಅಂತ ನೀವು ಬುತ್ತಿ ಹಿಡಿದು ಆಡುತ್ತಿದ್ದವರ ಮಧ್ಯೆಯೇ ನಡೆದು ಬಂದಿರಿ. ಟೀಚರ್ ಸೀಟಿ ಊದಿದರು. ನೀವು ಅಲ್ಲೇ ನಿಂತು, ನಿಮ್ಮ ಆಟ ಕಾಯುತ್ತದೆ ಟೀಚರೇ, ಸೂರ್ಯ ಕಾಯುವುದಿಲ್ಲ ಅಂತ ಮಲಯಾಳದಲ್ಲಿ ಹೇಳಿದಿರಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಅವತ್ತಿನಿಂದ ಸಂಜೆ ಐದೂ ಮುಕ್ಕಾಲಾದರೆ ಟೀಚರ್ ಆಟ ನಿಲ್ಲಿಸುತ್ತಿದ್ದರು, ನೀವು ಬೇಲಿಯ ಹತ್ತಿರ ಬುತ್ತಿ ಬಿಚ್ಚುತ್ತಿದ್ದಿರಿ.

ನೀವು ಹೋದ ಮೇಲಿನ ಮೊದಲ ಸಂಜೆ ನಾನು ಬೇಲಿಯ ಕಡೆ ನೋಡಬಾರದು ಅಂತಲೇ ಆಡುತ್ತಿದ್ದೆ. ಐದೂ ಮುಕ್ಕಾಲಿಗೆ ಸೀಟಿ ಕೇಳಿಸಿತು. ‘ಮೋಳೇ, ಕಳಿಚ್ಚೋ?’ ಅಂದರೆ ಮಗಳೇ ಉಂಡೆಯಾ ಅಂತ ಕೇಳುತ್ತ, ಟೀಚರ್ ತಮ್ಮ ಚೀಲದಿಂದ ಬೇಯಿಸಿದ ನೇಂದ್ರಬಾಳೆ ತೆಗೆದರು. ಮೊದಲು ಮರಗೆಣಸು ತರಬೇಕು ಅಂತಿದ್ದರಂತೆ. ನಾವು ಗಡ್ಡೆ ಮುಟ್ಟುವವರಲ್ಲ ಅಂತ ನನ್ನ ಗೆಳತಿ ಅಶ್ವತಿ ಹೇಳಿದ ಮೇಲೆ ಬಾಳೆಹಣ್ಣಾಯಿತು. ಅವತ್ತಿನಿಂದ ಇವತ್ತಿನವರೆಗೆ ಅಭ್ಯಾಸದ ಒಂದು ಸಂಜೆಯೂ ನಾನು ಹಸಿದು ಮನೆಗೆ ಹೋಗಿಲ್ಲ. ಇದನ್ನು ನಿಮಗೆ ಹೇಳಲೇಬೇಕಿತ್ತು, ಯಾಕೆಂದರೆ ನೀವು ಅಲ್ಲಿ ಕೂತು ಇದನ್ನೇ ಯೋಚಿಸುತ್ತಿರುತ್ತೀರಿ. ಯೋಚಿಸಬಾರದು ಅಂತ ನಿಮ್ಮ ವ್ರತ, ಆದರೂ ಯೋಚಿಸುತ್ತೀರಿ. ನನಗೆ ಗೊತ್ತು.

ಇನ್ನೊಂದು ತಮಾಷೆ ಕೇಳಿ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು, ಒಂಬತ್ತಕ್ಕೆ ಇಪ್ಪತ್ತೇಳು, ಅಷ್ಟು ಹೊತ್ತು ಕೈ ಇಳಿಬಿಟ್ಟು ಅಲ್ಲಾಡದೆ ನಿಲ್ಲಬೇಕು ಅಂತ ನೀವು ಕಲಿಸಿದ್ದಿರಲ್ಲ, ಓಟ ಮುಗಿದ ಮೇಲೆ ನಾನು ಹಾಗೆ ನಿಲ್ಲುವುದನ್ನು ಟೀಚರ್ ಗಮನಿಸಿದರು. ಎಲ್ಲರಿಗಿಂತ ಬೇಗ ನಿನ್ನ ಏದುಸಿರು ಇಳಿಯುತ್ತದೆ, ಏನು ಮಾಡುತ್ತೀ ಅಂದರು. ಹೇಳಿದೆ. ಈಗ ಇಡೀ ಕ್ಲಾಸು, ನಲವತ್ತು ಜನ, ಕೆಮ್ಮಣ್ಣಿನ ಮೈದಾನದಲ್ಲಿ ಕೈ ಇಳಿಬಿಟ್ಟು ಇಪ್ಪತ್ತೇಳು ಉಸಿರು ಎಣಿಸುತ್ತದೆ! ಅದು ಕಾಯೋತ್ಸರ್ಗ ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಶ್ವತಿ ಹನ್ನೆರಡಕ್ಕೇ ನಗುತ್ತಾಳೆ.

ಈಗ ದೊಡ್ಡ ಸುದ್ದಿ. ನಿಮ್ಮ ದೀಕ್ಷೆ ಆದ ಮೇಲೆ ನಾನು ಅಸೆಂಬ್ಲಿಯಲ್ಲಿ ಹಾಡುವುದನ್ನು ಬಿಟ್ಟಿದ್ದೆ. ಕೇಳಿದವರಿಗೆಲ್ಲ ಗಂಟಲು ಸರಿಯಿಲ್ಲ ಅನ್ನುತ್ತಿದ್ದೆ. ಹತ್ತು ತಿಂಗಳು ಸರಿಯಾಗದ ಗಂಟಲು ಯಾವುದಪ್ಪಾ ಅಂತ ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ. ಪ್ರಾರ್ಥನೆ ಅಶ್ವತಿಯ ಪಾಲಿಗೆ ಬಂತು. ಓಣಂ ರಜೆ ಮುಗಿದು ಶಾಲೆ ತೆರೆದ ಸೋಮವಾರ ಅವಳ ಸ್ವರ ಪೂರ್ತಿ ಕಟ್ಟಿತ್ತು, ರಜೆಯಲ್ಲಿ ಕೂಗಾಡಿದ್ದು ಕಮ್ಮಿಯೇ? ಕರೆಂಟೂ ಇಲ್ಲ, ಮೈಕೂ ಇಲ್ಲ. ಅಮ್ಮಿಣಿ ಟೀಚರ್ ಸಾಲಿನಲ್ಲಿದ್ದ ನನ್ನ ಹತ್ತಿರ ಬಂದು, ಇಪ್ಪತ್ತೇಳು ಎಣಿಸಿಕೋ, ಆಮೇಲೆ ನಿನಗೆ ಬೇಕಾದದ್ದನ್ನು ಹಾಡು ಅಂದರು.

ಬಾಯಿಗೆ ಬಂದದ್ದು ನೀವು ಭತ್ತ ಕೇರುತ್ತ ಕಟ್ಟಿದ ಹಾಡು. ‘ಕಾಲಿಟ್ಟ ಕಡೆಯೆಲ್ಲ ಜೀವವಿದೆ, ಮೆಲ್ಲಗೆ ನಡೆ ಮನವೇ.’ ನೀವು ಹೇಳಿದ ಹಾಗೆ ಹೊಟ್ಟೆಯಿಂದ ಹಾಡಿದೆ. ಗೇಟಿನವರೆಗೂ ಕೇಳಿಸಿತಂತೆ. ಒಂಬತ್ತನೇ ಕ್ಲಾಸಿನ ತರಲೆಗಳು ಮಾತ್ರ ಕ್ಲಾಸಿಗೆ ತುದಿಗಾಲಲ್ಲಿ ನಡೆದುಕೊಂಡು ಹೋಗಿ ನಗಾಡಿದವು. ನಗಲಿ ಬಿಡಿ, ಮೆಲ್ಲಗೆ ನಡೆದವಲ್ಲ! ಮಧ್ಯಾಹ್ನ ಚೇಕಾಡಿಯ ಕಾಡಂಚಿನಿಂದ ಬರುವ ಚೀರು ಎಂಬ ಹುಡುಗಿ, ಕ್ಲಾಸಿನಲ್ಲಿ ಬಾಯಿಯೇ ಬಿಡದವಳು, ನಲ್ಲಿಯ ಹತ್ತಿರ ನನ್ನ ಪಕ್ಕ ನಿಂತು ಆ ಸಾಲನ್ನು ತಪ್ಪಿಲ್ಲದೆ ಹೇಳಿದಳು. ಅವಳ ಮನೆಮಾತಿಗೆ ಕನ್ನಡ ಹತ್ತಿರವಂತೆ, ಎಲ್ಲ ಅರ್ಥವಾಯಿತಂತೆ. ಈಗ ದಿನಾ ಕಲಿಸು ಅಂತ ಹಿಂದೆ ಬೀಳುತ್ತಾಳೆ, ಕಲಿಸುತ್ತಿದ್ದೇನೆ.

ಶಾಲೆಯಲ್ಲಿ ನಾನು ಕಲಿತದ್ದು ಮಲಯಾಳ. ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಅ ಆ ತಿದ್ದಿಸಿ ಕನ್ನಡ ಕಲಿಸಿದ್ದು ನೀವು. ಹಾಡು ನಿಮ್ಮದು, ಉಸಿರು ನಿಮ್ಮದು, ಈ ಅಕ್ಷರವೂ ನಿಮ್ಮದೇ. ನೀವು ಎಲ್ಲ ಬಿಟ್ಟು ಹೋದಿರಿ ಅಂತ ನನಗೆ ಎಷ್ಟೋ ದಿನ ಸಿಟ್ಟಿತ್ತು. ಅವತ್ತು ಹಾಡಿ ಕೆಳಗಿಳಿದಾಗ ಗೊತ್ತಾಯಿತು, ನೀವು ಬಿಟ್ಟದ್ದೆಲ್ಲ ನನಗೇ ಸಿಕ್ಕಿದೆ. ನಾನು ಪುಣ್ಯವಂತೆ, ಮಾತಾಜಿ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿಮ್ಮ ಆಹಾರ ಅಂತರಾಯವಿಲ್ಲದೆ ಆಗಲಿ, ನಡೆಯುವ ದಾರಿಯಲ್ಲಿ ಮುಳ್ಳಿಲ್ಲದಿರಲಿ. ನನ್ನ ಪರೀಕ್ಷೆಗೂ ಚೀರುವಿನ ಹಾಡಿಗೂ ಆಶೀರ್ವಾದ ಮಾಡಿ.

ನಿಮ್ಮ
ಪ್ರಿಯಾಂಕ

ಮರೆತಿಲ್ಲ, ಕೊನೆಗೆ ಬರೆಯುತ್ತೇನೆ ಅಂದಿದ್ದೆ. ಅವತ್ತು ಬತ್ತೇರಿಯಲ್ಲಿ ಯಾವ ಪಂದ್ಯವೂ ಇರಲಿಲ್ಲ, ಅತ್ತೆ. ಹಿಂದಿನ ರಾತ್ರಿ ನಿನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದವಳು ನಾನು. ಆ ಕೂದಲನ್ನು ಎಲ್ಲರೆದುರು ಒಂದೊಂದೇ ಹಿಡಿಯಾಗಿ ಕೀಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಜರ್ಸಿ ತೊಟ್ಟುಕೊಂಡು ಪಂದ್ಯ ಇದೆ ಅಂತ ಸುಳ್ಳು ಹೇಳಿ ಶಾಲೆಗೆ ಹೋದೆ. ಭಾನುವಾರ, ಮೈದಾನಕ್ಕೆ ಗೆರೆ ಹಾಕಲು ಅಮ್ಮಿಣಿ ಟೀಚರ್ ಒಬ್ಬರೇ ಬಂದಿದ್ದರು. ಏನೂ ಕೇಳದೆ ನನ್ನ ಕೈಗೆ ಪಂಪು ಕೊಟ್ಟರು. ಇದ್ದಬದ್ದ ಚೆಂಡಿಗೆಲ್ಲ ಗಾಳಿ ತುಂಬಿದೆ. ನಿನ್ನ ಮುಹೂರ್ತದ ಹೊತ್ತಿಗೆ ಕೈ ಇಳಿಬಿಟ್ಟು ನಿಂತೆ, ಉಸಿರು ಇಪ್ಪತ್ತೇಳು ಮುಟ್ಟಲೇ ಇಲ್ಲ. ದೀಕ್ಷೆಗೆ ಮೊದಲು ಪದ್ಧತಿಯಂತೆ ನೀನು ಮನೆಯವರ ಹತ್ತಿರ ಒಬ್ಬೊಬ್ಬರಾಗಿ ಕ್ಷಮೆ ಕೇಳಿದೆಯಂತೆ. ‘ನನ್ನ ಪ್ರಿಯಾಂಕ ಎಲ್ಲಿ?’ ಅಂತ ಸುತ್ತ ನೋಡಿದೆಯಂತೆ. ಅಪ್ಪ ಪಂದ್ಯ ಅಂದಾಗ, ‘ಹೌದಾ, ಗೆದ್ದು ಬರಲಿ’ ಅಂದು ನಕ್ಕೆಯಂತೆ. ಅಪ್ಪ ಮನೆಗೆ ಬಂದು ಗೆದ್ದಿರಾ ಅಂತ ಕೇಳಿದರು. ಗೆದ್ದೆವು ಅಂದೆ. ನೀನು ನನ್ನ ಹತ್ತಿರ ಕೇಳಲು ಹುಡುಕಿದ ಕ್ಷಮೆಯನ್ನು ಈಗ ಕೊಡುತ್ತಿದ್ದೇನೆ, ಅತ್ತೆ. ನನಗೂ ಕೊಡು.