ನಿಪ್ಪಲ್ ಮರದಿಂದ ಕದ್ದದ್ದು

ಸ್ವೆನ್‌ಬೋರ್
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಬೀರ್ತೆ ಅತ್ತೆ,

ನಾಲ್ಕು ಬೀದಿ ಆಚೆಗಿರುವ ಸೊಸೆ ಫೋನು ಬಿಟ್ಟು ಕಾಗದ ಬರೆಯುವುದೆಂದರೇನು ಎಂದು ನಿಮಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನಾನು ಬಾಯಿ ತೆಗೆಯುವಷ್ಟರಲ್ಲಿ ನೀವು “ಅಯ್ಯೋ ಬಿಡಮ್ಮಾ, ಏನಾಯ್ತೀಗ” ಎನ್ನುತ್ತೀರಿ, ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತೇನೆ. ಇದನ್ನು ಕೊನೆಯವರೆಗೆ ಹೇಳಲೇಬೇಕು.

ಮೊದಲನೆಯದು: ನಿಮ್ಮ ಮೊಮ್ಮಗಳು ವಿಗ್ಗಳಿಗೆ ನೆಗಡಿಯಿಲ್ಲ, ಕೆಮ್ಮಿಲ್ಲ, ಜ್ವರ ಬಂದೇ ಇಲ್ಲ. ಹನ್ನೆರಡು ದಿನದಿಂದ ನಿಮಗೆ ಬರಬೇಡಿ ಎಂದು ಹೇಳುತ್ತಿರುವುದು ಶುದ್ಧ ಸುಳ್ಳು. ಟ್ರೋಲ್ಸ್‌ಗೆ ಬೇರೆಯದೇ ಸುಳ್ಳು ಹೇಳಿದ್ದೇನೆ. ನಿಮಗೆ ಮಂಡಿನೋವು, ಆ ಬಗ್ಗೆ ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ ಎಂದು ಅವನ ಬಾಯಿ ಮುಚ್ಚಿಸಿದ್ದೇನೆ. ಪಾಪ, ನಿಮ್ಮ ಮಗ ದಿನವಿಡೀ ದೋಣಿಯಲ್ಲಿ ಜನರನ್ನು ದ್ವೀಪಕ್ಕೆ ದಾಟಿಸಿ ಬಂದು, ಹೆಂಡತಿ ಹೇಳಿದ್ದನ್ನೆಲ್ಲ ನಂಬುತ್ತಾನೆ.

ಕಾರಣ ಹೊಟ್ಟೆಕಿಚ್ಚು. ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ಜನವರಿಯಲ್ಲಿ ಈ ಬಸಿರಿಗೆ ನನ್ನ ಸೊಂಟದ ಮೂಳೆಗಳು ಸಡಿಲಾಗಿ, ಇನ್ನು ಮಗಳನ್ನು ಎತ್ತಬೇಡ ಎಂದು ಸೂಲಗಿತ್ತಿ ಹೇಳಿದಾಗ ನೀವು ಯಾರೂ ಕೇಳುವ ಮೊದಲೇ ಎಲ್ಲ ವಹಿಸಿಕೊಂಡಿರಿ. ದಿನಾ ಮೂರು ಗಂಟೆಗೆ ಶಿಶುವಿಹಾರದಿಂದ, ಮುಂದೆ ಪೆಟ್ಟಿಗೆಯಿರುವ ಆ ಡಬ್ಬಿ ಸೈಕಲ್ಲಿನಲ್ಲಿ ವಿಗ್ಗಳನ್ನು ಕೂರಿಸಿಕೊಂಡು ಬರುವುದು, ಅವಳ ಒದ್ದೆ ಬೂಟು ಕಳಚುವುದು, ನನಗೆ ಸೂಪು ಕಾಯಿಸುವುದು. ನಾನು ದಿನಾ ಥ್ಯಾಂಕ್ಸ್ ಹೇಳಿದೆ, ದಿನಾ ಹಲ್ಲು ಕಚ್ಚಿದೆ. ಕಾಲುಚೀಲ ಹಾಕಲು ಹೋದರೆ ಅವಳು “ಅಜ್ಜಿ ಹಾಕ್ಲಿ” ಎನ್ನುತ್ತಿದ್ದಳು. ರೈ ರೊಟ್ಟಿ ಕತ್ತರಿಸಿಕೊಟ್ಟರೆ “ಹಿಂಗಲ್ಲ, ಅಜ್ಜಿ ಥರ” ಎಂದು ತಟ್ಟೆ ತಳ್ಳುತ್ತಿದ್ದಳು. ಎರಡೂವರೆ ವರ್ಷದ ಪೋರಿ! ಅವಳಿಗೆ ರೊಟ್ಟಿ ತಿನ್ನಲು ಕಲಿಸಿದವಳು ನಾನು.

ಒಂದು ದಿನ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಳಲ್ಲ, ನಾನು ಬಾಗಿಲಲ್ಲೇ ಕೈ ಚಾಚಿ ನಿಂತಿದ್ದೆ. ಅವಳು ನನ್ನ ಪಕ್ಕದಿಂದಲೇ ಹಾದು ಓಡಿ ನಿಮ್ಮ ಲಂಗ ಹಿಡಿದಳು. ನೀವು ಒಳ್ಳೆಯವರು, “ಅಮ್ಮನ ಹತ್ರ ಹೋಗು ಚಿನ್ನಾ, ಅಮ್ಮಂಗೆ ತೋರ್ಸು” ಎಂದು ಕಳಿಸಿದಿರಿ. ಅವಳು ನಿಮ್ಮ ಮಾತಿಗೆ ಬಂದಳು, ನನಗಾಗಿ ಅಲ್ಲ. ನನ್ನ ಮಗಳನ್ನು ನನಗೇ ದಾನ ಕೊಟ್ಟ ಹಾಗಾಯಿತು. ಆ ದಿನದಿಂದ ನೀವು ಒಳ್ಳೆಯವರಾಗಿರುವುದೇ ನನಗೆ ಸಹಿಸಲಾಗದ ಸಂಗತಿ.

ಆಮೇಲೆ ನಿಪ್ಪಲ್ ಮರ, ನಮ್ಮೂರ ಮಕ್ಕಳೆಲ್ಲ ಚೀಪುವುದು ಬಿಟ್ಟ ದಿನ ನಿಪ್ಪಲ್ಲು ಕಟ್ಟಿ ಬರುವ ಮರ. ವಿಗ್ಗ ಹುಟ್ಟಿದಾಗಿನಿಂದ ನಾನು ಕಂಡ ಕನಸು ಅದೊಂದು: ಉದ್ಯಾನದ ದಿಬ್ಬದ ಮೇಲಿನ ಆ ಬೀಚ್ ಮರದ ಕೆಳಗೆ ಅವಳನ್ನು ಎತ್ತಿ ಹಿಡಿಯಬೇಕು, ಅವಳು ತನ್ನ ನಿಪ್ಪಲ್ಲುಗಳನ್ನು ಕೊಂಬೆಗೆ ಕಟ್ಟಿ ಟಾಟಾ ಹೇಳಬೇಕು, ಆಮೇಲೆ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅಳಬೇಕು. ಕಟ್ಟಲೆಂದು ಗೊತ್ತುಮಾಡಿದ ಆ ಭಾನುವಾರ ನನಗೆ ಸೊಂಟ ನೋವು, ನೀವೇ ಹೋಗಿಬನ್ನಿ ಎಂದೆ. ಬಾವುಟ ಚುಚ್ಚಿದ ಕೇಕು ಹಿಡಿದು ಟ್ರೋಲ್ಸ್ ಸೇರಿ ಮೂವರೂ ಹೊರಟಿರಿ. ಅರ್ಧ ಗಂಟೆಗೆ ಫೋಟೋ ಬಂತು. ನಿಮ್ಮ ಹೆಗಲೇರಿ ಕೂತ ವಿಗ್ಗ, ಕೆಂಪು ರಿಬ್ಬನ್ನಿನಲ್ಲಿ ಮೂರು ನಿಪ್ಪಲ್ಲು, ಬಾಯಿತುಂಬ ನಗು. ಕೆಳಗೆ ನೀವು ಬರೆದಿದ್ದಿರಿ: “ಒಂದ್ ಹನಿ ಕಣ್ಣೀರೂ ಹಾಕ್ಲಿಲ್ಲ ಕಣೇ!” ಅದನ್ನು ಹತ್ತು ಸಲ ಓದಿದೆ. ಮಾರನೆಯ ಬೆಳಿಗ್ಗೆಯೇ ನಿಮಗೆ ಫೋನು ಮಾಡಿ ನೆಗಡಿಯ ಕಥೆ ಕಟ್ಟಿದೆ.

ನಾಲ್ಕು ದಿನ ಕಾಣದಿದ್ದರೆ ಮರೆಯುತ್ತಾಳೆ ಅಂದುಕೊಂಡಿದ್ದೆ. ತಳ್ಳುಗಾಡಿ ಹಿಡಿದು, ಹೆಜ್ಜೆಗೊಮ್ಮೆ ನಿಂತು, ನಾನೇ ಅವಳನ್ನು ಕರೆತರುತ್ತಿದ್ದೆ. ಮನೆಗೆ ಬಂದವಳೇ ಕಿಟಕಿಯ ಬಳಿ ನಿಂತು ಯಾರ ಸೈಕಲ್ ಗಂಟೆ ಕೇಳಿಸಿದರೂ “ಅಜ್ಜಿ!” ಎನ್ನುತ್ತಿದ್ದಳು. ಆಗ ನನ್ನ ತಲೆಗೆ ಹೊಳೆದದ್ದು ಇದು: ಬಿಟ್ಟ ನಿಪ್ಪಲ್ಲು ನನ್ನ ಕೈಯಿಂದ ಗುಟ್ಟಾಗಿ ಅವಳಿಗೆ ಮತ್ತೆ ಸಿಕ್ಕಿದರೆ ಅವಳು ನನ್ನವಳಾಗುತ್ತಾಳೆ. ನಗಬೇಡಿ. ಏಳು ತಿಂಗಳ ಬಸುರಿಗೆ ಅದು ಮಹಾ ಬುದ್ಧಿವಂತಿಕೆಯಾಗಿ ಕಂಡಿತ್ತು.

ಬುಧವಾರ ಕತ್ತರಿ ಜೇಬಿಗೆ ಹಾಕಿಕೊಂಡು, ಪ್ರತಿ ಬೆಂಚಿನಲ್ಲೂ ಕೂತೆದ್ದು ದಿಬ್ಬ ಹತ್ತಿದೆ. ನಾಯಿ ಹಿಡಿದ ಹೆಂಗಸೊಬ್ಬಳು ಬಂದು “ಮಗೂದು ಕಟ್ಟೋಕ್ ಬಂದ್ರಾ? ಈ ಹೊಟ್ಟೆ ಹೊತ್ಕೊಂಡು? ಇರಿ, ನಾ ಬಗ್ಗಿಸ್ತೀನಿ” ಎಂದು ಕೊಂಬೆಯನ್ನು ನನ್ನ ಮೂಗಿನವರೆಗೆ ಎಳೆದು ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಜೇಬು ಮುಟ್ಟಿಕೊಂಡೆ. ಯಾರದೋ ರಿಬ್ಬನ್ನಿಗೆ ಸುಳ್ಳುಗಂಟು ಹಾಕುತ್ತಾ ನಿಂತೆ. ಅವಳು ಅತ್ತ ಹೋದದ್ದೇ ತಡ, ಕೆಂಪು ರಿಬ್ಬನ್ನಿನಲ್ಲಿ ಮೂರು ನಿಪ್ಪಲ್ಲು ಕಂಡ ಗೊಂಚಲನ್ನು ಕತ್ತರಿಸಿಕೊಂಡು ಬಂದೆ.

ಸಂಜೆ ಅಡುಗೆಮನೆಯಲ್ಲಿ ವಿಗ್ಗಳ ಕೈಗೆ ಒಂದನ್ನು ಕೊಟ್ಟು, ಅಜ್ಜಿಗೆ ಹೇಳ್ಬೇಡ ಎಂದು ಪಿಸುಗುಟ್ಟಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ “ಇದು ನಂದಲ್ಲ” ಎಂದಳು. ನಿಜ. ಹಿಂಬದಿಯಲ್ಲಿ ‘ಏಸ್ಕಿಲ್’ ಎಂದು ಕೆತ್ತಿತ್ತು. ಊರಿನ ಅಮ್ಮಂದಿರೆಲ್ಲ ಮಕ್ಕಳ ಹೆಸರು ಕೆತ್ತಿಸುವುದು, ನಾನೇ ಅವಳದಕ್ಕೂ ಕೆತ್ತಿಸಿದ್ದು, ಎಲ್ಲ ಮರೆತು ಯಾರದೋ ಗಂಡುಮಗುವಿನ ನಿಪ್ಪಲ್ಲು ಕದ್ದು ತಂದಿದ್ದೆ. “ನಂದು ಮರದಲ್ಲಿದೆ. ನಾನು ದೊಡ್ಡೋಳು” ಎಂದಳು. ನಾನು ನೆಲದಲ್ಲಿ ಕೂತು ಅಳತೊಡಗಿದೆ. ಅವಳು ನನ್ನ ಮುಂದೆ ಬಂದು ಕುಕ್ಕರಿಸಿದಳು. ಆಮೇಲೆ “ಅಮ್ಮಂಗೇ ಬೇಕು” ಎಂದು ಏಸ್ಕಿಲ್‌ನ ನಿಪ್ಪಲ್ಲನ್ನು ನನ್ನ ಬಾಯಿಗಿಟ್ಟು ತಲೆ ತಟ್ಟಿದಳು. ತಟ್ಟಿದ್ದು ಥೇಟ್ ನಿಮ್ಮ ಹಾಗೆ, ಎರಡು ಸಲ ತಟ್ಟಿ ಒಮ್ಮೆ ಸವರಿ. ಅಂಥ ಹೊತ್ತಿನಲ್ಲೂ ನನಗೆ ಅದು ಕಂಡಿತು, ಉರಿಯಿತು.

ಅತ್ತೆ, ನಾಳೆ ಮೂರಕ್ಕೆ ಬನ್ನಿ. ಟ್ರೋಲ್ಸ್‌ಗೆ ಇವತ್ತೇ ಎಲ್ಲ ಹೇಳಿ, ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಏಸ್ಕಿಲ್‌ನದನ್ನು ಮರಕ್ಕೆ ಮರಳಿಸಬೇಕು, ಆ ದಿಬ್ಬವನ್ನು ಮತ್ತೆ ಹತ್ತಲು ನನ್ನಿಂದಾಗದು. ಮೇ ತಿಂಗಳಲ್ಲಿ ನಾನು ಆಸ್ಪತ್ರೆಗೆ ಹೋದಾಗ ವಿಗ್ಗ ನಿಮ್ಮ ಬಳಿಯೇ ಇರಬೇಕು. ನೀವಿಲ್ಲದೆ ಅವಳು ಕಂಗೆಡುತ್ತಾಳೆ, ನಾನೂ ಅಷ್ಟೇ. ಆದರೆ ಹೊಟ್ಟೆಕಿಚ್ಚು ಬಿಟ್ಟೆ ಎಂದು ಮಾತ್ರ ಮಾತು ಕೊಡಲಾರೆ. ಹೊಸ ಕೂಸು ಬಂದು ನನ್ನ ಮಡಿಲು ಹಿಡಿದಮೇಲೆ ಇವಳು ಪೂರ್ತಿ ನಿಮ್ಮವಳೇ ಆಗಿಬಿಡುತ್ತಾಳೆಂಬ ಭಯ ಇದ್ದೇ ಇದೆ. ಒಂದೇ ಒಂದು ಬೇಡಿಕೆ. ಅವಳು ಬಿದ್ದು ನಿಮ್ಮ ಬಳಿ ಓಡಿ ಬಂದರೆ ಎತ್ತಿಕೊಳ್ಳಿ, ನನ್ನ ಬಳಿ ಕಳಿಸಬೇಡಿ. ಬರುವುದಾದರೆ ಅವಳೇ ಬರಲಿ.

ಇನ್ನೂ ತುಸು ಉರಿಯುತ್ತಲೇ ನಿಮ್ಮ ದಾರಿ ನೋಡುವ,
ಸಿಸೆಲ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಭಾನುವಾರ ನಾನು ಬರಬಹುದಿತ್ತು. ಅಂದು ನೋವು ಎಂದಿಗಿಂತ ಕಡಿಮೆಯೇ ಇತ್ತು. ಕೋಟು ತೊಟ್ಟವಳು ಬಿಚ್ಚಿ ಕೂತೆ. ಅಮ್ಮ ಬರದೆ ನಾನು ಹೋಗಲ್ಲ ಎಂದು ವಿಗ್ಗ ಹಟ ಮಾಡುತ್ತಾಳೋ ನೋಡೋಣವೆಂದು. ಅವಳು ಎಲ್ಲರಿಗಿಂತ ಮುಂದೆ ಓಡಿದಳು. ಗೇಟಿನಿಂದ ಹಿಂದಿರುಗಿ ಬಂದು “ನಿಧಾನಕ್ಕೆ ಹೋಗೋಣ, ನೀನೂ ಬಾರೇ” ಎಂದು ಕರೆದವರು ನೀವೊಬ್ಬರೇ.